ಮನಿಯಾಗ ಮ್ಯಾಕ್ ಅಂಡ್ ಚೀಸ್: ನಮ್ಮ ಕಡೆ ಸಿಗೋ ಸಾಮಾನಿನ ಅಳತಿ, ಸಾಸ್ ಒಡಿಯೋ ಕಾರಣ, ಖಾರದ ಬದಲಾವಣಿ

ಟಿಳಕವಾಡಿ_ಅಡಿಗಿಮನಿ (ಬೆಳಗಾವಿ)

ಮ್ಯಾಕ್ ಅಂಡ್ ಚೀಸ್ (ಕುದಿಸಿದ ಮ್ಯಾಕರೋನಿಗೆ ಹಾಲು-ಚೀಸ್ ಸಾಸ್ ಕಲಸಿದ್ದು) ಬಗ್ಗೆ ಇಲ್ಲಿ ಬರೋ ಪ್ರಶ್ನೆ ಎಲ್ಲಾ ಸುತ್ತಿ ಬಳಸಿ ಎರಡಕ್ಕೇ ಬಂದು ನಿಲ್ತಾವು: ಸಾಸ್ ಯಾಕ ರವಾ ರವಾ ಆತು, ಎಣ್ಣಿ ಯಾಕ ಬಿಡ್ತು. ಪರದೇಶದ ರೆಸಿಪಿಯೊಳಗಿನ ಚೀಸ್ ಬ್ಯಾರೆ, ಹಾಲು ಬ್ಯಾರೆ. ಅದಕ್ಕ ನಮ್ಮ ಕಿರಾಣಿ ಅಂಗಡ್ಯಾಗ ಸಿಗೋ ಸಾಮಾನಿಗೆ ಹೊಂದೋ ಅಳತಿ ಇಲ್ಲಿ ಹಾಕೀನಿ. ತಿದ್ದೋದಿದ್ರ ತಿದ್ರಿ.

ನಾಲ್ಕು ಮಂದಿಗೆ: ಮ್ಯಾಕರೋನಿ 250 ಗ್ರಾಂ, ಬೆಣ್ಣಿ 30 ಗ್ರಾಂ, ಮೈದಾ 30 ಗ್ರಾಂ (ಮಟ್ಟಸ ತುಂಬಿದ ದೊಡ್ಡ ಚಮಚಾ ನಾಲ್ಕು), ಹಾಲು 600 ಮಿ.ಲೀ., ಚೀಸ್ 200 ಗ್ರಾಂ. ಚೀಸ್‌ನ್ಯಾಗ 150 ಗ್ರಾಂ ಪ್ರೊಸೆಸ್ಡ್ ಅಥವಾ ಚೆಡ್ಡಾರ್, 50 ಗ್ರಾಂ ಮೊಝರೆಲ್ಲಾ. ಸಾಸಿವಿ ಪುಡಿ ಅರ್ಧ ಸಣ್ಣ ಚಮಚಾ, ಕರಿಮೆಣಸು ಅರ್ಧ ಸಣ್ಣ ಚಮಚಾ, ಬೇಕಂದ್ರ ಜಾಜಿಕಾಯಿ ಒಂದೆರಡು ಸಲ ತಿಕ್ಕಿದಷ್ಟು. ಉಪ್ಪು ಕಡೀಕ, ರುಚಿ ನೋಡಿದ ಮ್ಯಾಲೆ. ಚೀಸ್‌ನ್ಯಾಗ ಮೊದಲೇ ಉಪ್ಪು ಐತಿ, ಮ್ಯಾಕರೋನಿ ಕುದಿಸಿದ ನೀರಾಗೂ ಹಾಕಿರ್ತೀವಿ.

ಮೊದಲು ಚೀಸ್ ತುರಿದು ಇಟ್ಕೋರಿ, ಫ್ರಿಜ್ಜಿನಿಂದ ಹೊರಗ. ತಣ್ಣಗಿನ ಚೀಸ್ ಬಿದ್ರ ಸಾಸ್ ಒಮ್ಮೆಲೆ ಆರ್ತೈತಿ. ಆಮ್ಯಾಲೆ ನಾವು ಮತ್ತ ಗ್ಯಾಸ್ ಹಚ್ತೀವಿ, ಅಲ್ಲೇ ಕೆಡ್ತೈತಿ.

ದಪ್ಪ ತಳದ ಬೋಗಾಣಿಯೊಳಗ ಸಣ್ಣ ಉರಿ ಮ್ಯಾಲೆ ಬೆಣ್ಣಿ ಕರಗಿಸಿ ಮೈದಾ ಹಾಕ್ರಿ. ಎರಡು ನಿಮಿಷ ಕೈಯಾಡಿಸ್ರಿ. ಹಸಿ ಹಿಟ್ಟಿನ ವಾಸನಿ ಹೋಗಬೇಕು, ಬಣ್ಣ ಕೆಂಪಗಾಗಬಾರದು. ಹಿಟ್ಟು ಕೆಂಪಾದಷ್ಟೂ ಗಟ್ಟಿ ಮಾಡೋ ಶಕ್ತಿ ಕಡಿಮಿ ಆಗ್ತೈತಿ. ಹಾಲು ಮೊದಲ 100 ಮಿ.ಲೀ. ಅಷ್ಟೇ ಹಾಕಿ ಗಟ್ಟಿ ಮುದ್ದಿ ಮಾಡ್ರಿ, ಗಂಟು ಎಲ್ಲಾ ಅಲ್ಲೇ ಒಡೀರಿ. ಮುದ್ದಿ ನುಣ್ಣಗಾದ ಮ್ಯಾಲೆ ಇನ್ನೊಂದು 100, ಆಮ್ಯಾಲೆ ಉಳಿದದ್ದೆಲ್ಲಾ. ತೆಳ್ಳಗಿನ ಹಾಲಿನ್ಯಾಗ ತೇಲೋ ಗಂಟು ಎಷ್ಟು ತಿರುವಿದ್ರೂ ಒಡಿಯೂದಿಲ್ಲ, ಗಟ್ಟಿ ಮುದ್ದಿಯೊಳಗ ಮಾತ್ರ ಒಡೀತಾವು.

ಕುದಿ ಬಂದ ಮ್ಯಾಲೆ ಸಣ್ಣ ಉರಿಯಾಗ ಐದಾರು ನಿಮಿಷ. ಚಮಚಾದ ಬೆನ್ನಿಗೆ ಹತ್ತಿದ ಸಾಸ್ ಮ್ಯಾಲೆ ಬಟ್ಟು ಎಳೆದ್ರ ಗೆರಿ ನಿಲ್ಲಬೇಕು. ಈಗ ಗ್ಯಾಸ್ ಆರಿಸ್ರಿ, ಎರಡು ನಿಮಿಷ ಬಿಡ್ರಿ, ಗುಳ್ಳಿ ಪೂರ್ತಿ ನಿಲ್ಲಲಿ. ಆಮ್ಯಾಲೆ ಚೀಸ್ ಮೂರು ಪಾಲು ಮಾಡಿ ಹಾಕ್ರಿ, ಒಂದು ಕರಗಿದ ಮ್ಯಾಲೆ ಇನ್ನೊಂದು. ಚೀಸ್ ಬಿದ್ದ ಮ್ಯಾಲೆ ಸಾಸ್ ಮತ್ತ ಕುದೀಬಾರದು.

ತಾಳಿಕೋಟಿ_ಹುಡುಗ (ವಿಜಯಪುರ)

ಕುದಿಸಿದ್ರ ಏನ್ ಆಗ್ತದ್ರೀ? ಹಾಲು ಕುದಿಸ್ತೀವಿ, ಚೀಸ್ ಯಾಕ ಕುದಿಸಬಾರದು?

ಇಂಡಿ_ಲಿಂಬಿ (ವಿಜಯಪುರ)

ಚೀಸ್ ಅಂದ್ರ ಪ್ರೋಟೀನಿನ ಒಂದು ಜಾಳಿಗಿ, ಅದರ ಸಂದಿಯೊಳಗ ಕೊಬ್ಬು ಮತ್ತು ನೀರು ಸಿಕ್ಕೊಂಡಿರ್ತಾವ. ಸಾವಕಾಶ ಕಾದ್ರ ಜಾಳಿಗಿ ಸಡಿಲ ಆಗಿ ಎಲ್ಲಾ ಕೂಡೇ ಹರೀತದ. ಭಾಳ ಕಾದ್ರ ಪ್ರೋಟೀನು ಬಿಗೀತದ, ಒಳಗಿದ್ದ ಕೊಬ್ಬನ್ನ ಹೊರಗ ಹಿಂಡ್ತದ. ಮ್ಯಾಲೆ ತೇಲೋ ಎಣ್ಣಿ ಅದು. ಬಾಯಾಗ ಸಿಗೋ ರವಾ ರವಾ ಅಂದ್ರ ಬಿಗಿದ ಪ್ರೋಟೀನು. ಎರಡೂ ಒಂದೇ ತಪ್ಪಿನ ಎರಡು ಮುಖ.

ಮೈದಾದ ಪಿಷ್ಟ ನಡುವ ನಿಂತು ಇದನ್ನ ಒಂದಿಷ್ಟು ತಡೀತದ, ಆದ್ರ ಪೂರ್ತಿ ಅಲ್ಲ. ಅಡಿಗಿ ಥರ್ಮಾಮೀಟರ್ ಇದ್ರ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಚೀಸ್ ಹಾಕ್ರಿ. ಇಲ್ಲಂದ್ರ ಅಡಿಗಿಮನಿ ಅಕ್ಕಾರು ಹೇಳಿದ ಹಂಗ ಗುಳ್ಳಿ ನಿಂತು ಎರಡು ನಿಮಿಷ, ಸಾಕು.

ಒಡೆದ ಸಾಸ್ ಚೆಲ್ಲೋದು ಬ್ಯಾಡ. ಒಲಿಯಿಂದ ಇಳಿಸಿ, ಬಿಸಿ ಹಾಲು ಎರಡು ಮೂರು ದೊಡ್ಡ ಚಮಚಾ ಹಾಕಿ ಜೋರಾಗಿ ಕಡೀರಿ. ಕೂಡಲಿಲ್ಲಂದ್ರ ಪ್ರೊಸೆಸ್ಡ್ ಚೀಸ್ ಒಂದು ಕ್ಯೂಬ್ (25 ಗ್ರಾಂ) ಸಣ್ಣಗ ಹೆಚ್ಚಿ ಹಾಕಿ ತಿರುವ್ರಿ. ಅದರಾಗಿರೋ ಎಮಲ್ಸಿಫೈಯಿಂಗ್ ಉಪ್ಪು ಹೊರಬಿದ್ದ ಕೊಬ್ಬನ್ನ ಮತ್ತ ಒಳಗ ತಗೋತದ. ಹ್ಯಾಂಡ್ ಬ್ಲೆಂಡರ್ ಇದ್ರ ಅರ್ಧ ನಿಮಿಷ ತಿರುಗಿಸಿದ್ರೂ ನಡೀತದ. ಬಿಸಿ ಸಾಸ್ ಮಿಕ್ಸರ್ ಜಾರಿಗೆ ಹಾಕಿ ಮುಚ್ಚಳ ಬಿಗೀಬ್ಯಾಡ್ರಿ, ಉಗಿಗೆ ಮುಚ್ಚಳ ಹಾರಿ ಮೈಮ್ಯಾಲೆ ಬೀಳ್ತದ.

ಗೋಕಾಕ_ಕರದಂಟು (ಬೆಳಗಾವಿ)

ಪ್ರೊಸೆಸ್ಡ್ ಚೀಸ್ ಹಾಕಿದ್ರ ಅದು ಮ್ಯಾಕ್ ಅಂಡ್ ಚೀಸ್ ಹೆಂಗ್ರಿ? ನಿಜವಾದ ಚೆಡ್ಡಾರ್ ಇಲ್ಲದ್ದು ಬರೇ ಚೀಸ್ ಪಾಸ್ತಾ.

ಇಂಡಿ_ಲಿಂಬಿ (ವಿಜಯಪುರ)

ಹಂಗಂತ ತಳ್ಳಿಹಾಕಬ್ಯಾಡ್ರಿ ಅಣ್ಣಾರ. ಪ್ರೊಸೆಸ್ಡ್ ಚೀಸ್ ಹುಟ್ಟಿದ್ದೇ ಚೀಸಿನ ನಾಡಾಗ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಾಗ ವಾಲ್ಟರ್ ಗರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಅನ್ನೋರು ಚೀಸಿಗೆ ಸೋಡಿಯಂ ಸಿಟ್ರೇಟ್ ಅನ್ನೋ ಎಮಲ್ಸಿಫೈಯಿಂಗ್ ಉಪ್ಪು ಕೂಡಿಸಿ ಕರಗಿಸಿದ್ರು. ಅಮೆರಿಕದಾಗ ಡಬ್ಬಿಯ ಮ್ಯಾಕರೋನಿ ಚೀಸ್ 1937ರಲ್ಲಿ ಕ್ರಾಫ್ಟ್ ಕಂಪನಿ ಬಿಟ್ಟಿದ್ದೂ ಒಣ ಚೀಸ್ ಪುಡಿ ಜೋಡಿ. ಅಲ್ಲಿಯ ಮಂದಿ ಮನಿಯಾಗೂ ಮೆತ್ತಗಾಗ್ಲಿ ಅಂತ ಅಮೆರಿಕನ್ ಚೀಸ್ ಒಂದು ಪಾಲು ಹಾಕ್ತಾರ.

ರುಚಿ ಮಾತ್ರ ನಿಮ್ಮ ಮಾತು ಖರೆ. ಪ್ರೊಸೆಸ್ಡ್ ಚೀಸಿಗೆ ಹಳೇ ಚೆಡ್ಡಾರಿನ ಚುರುಕು ಇಲ್ಲ. ಅದಕ್ಕೇ ಸಾಸಿವಿ ಪುಡಿ. ಅದು ರುಚಿಗೆ ಅಂಚು ಕೊಡ್ತದ, ಸಾಸ್ ಕೂಡಿ ನಿಲ್ಲಾಕೂ ತುಸು ನೆರವಾಗ್ತದ. ಹಳೇ ಚೆಡ್ಡಾರ್ 50 ಗ್ರಾಂ ಸಿಕ್ರ ಅದನ್ನ ರುಚಿಗೆ, ಪ್ರೊಸೆಸ್ಡ್ 150 ಗ್ರಾಂ ಮೈಗೆ.

ಟಿಳಕವಾಡಿ_ಅಡಿಗಿಮನಿ (ಬೆಳಗಾವಿ)

ಯಾವ ಚೀಸ್ ಹೆಂಗ ನಡಕೋತೈತಿ ಅನ್ನೋದನ್ನ ಬರದೇಬಿಡ್ತೀನಿ, ಇದ್ರಾಗೇ ಎಲ್ಲಾ ಐತಿ.

ಪ್ರೊಸೆಸ್ಡ್ ಬ್ಲಾಕ್ ಅಥವಾ ಕ್ಯೂಬ್: ನುಣ್ಣಗ ಕರಗ್ತೈತಿ, ಎಳಿ ಬರೂದಿಲ್ಲ. ಒಂದೇ ಬಳಸೋದಾದ್ರ ಮೈದಾನೇ ಬ್ಯಾಡ. ಹಾಲು 300 ಮಿ.ಲೀ. ಬಿಸಿ ಮಾಡಿ, 200 ಗ್ರಾಂ ತುರಿದು ಹಾಕಿ ಸಣ್ಣ ಉರಿಯಾಗ ತಿರುವಿದ್ರ ಸಾಸ್ ತಯಾರು.

ಮೊಝರೆಲ್ಲಾ: ಎಳಿ ಎಳಿ. ಅದೊಂದೇ ಹಾಕಿದ್ರ ಸಾಸ್ ಆಗೂದಿಲ್ಲ, ರಬ್ಬರಿನ ಉಂಡಿ ಆಗಿ ಸೌಟಿಗೆ ಸುತ್ಕೋತೈತಿ. ಒಟ್ಟು ಚೀಸಿನ ಕಾಲು ಭಾಗ ದಾಟಬ್ಯಾಡ್ರಿ.

ಚೆಡ್ಡಾರ್: ಎಳೇದು ಚಲೋ ಕರಗ್ತೈತಿ, ಹಳೇದು ರುಚಿ ಜಾಸ್ತಿ ಆದ್ರ ಬೇಗ ಎಣ್ಣಿ ಬಿಡ್ತೈತಿ.

ಪಾಕೀಟಿನ್ಯಾಗ ಮೊದಲೇ ತುರಿದು ಮಾರೋ ಚೀಸ್: ಒಂದಕ್ಕೊಂದು ಅಂಟಬಾರದಂತ ಪಿಷ್ಟ ಇಲ್ಲಾ ಸೆಲ್ಯುಲೋಸ್ ಪುಡಿ ಹಚ್ಚಿರ್ತಾರು. ಪಿಜ್ಜಾ ಮ್ಯಾಲೆ ನಡೀತೈತಿ, ಸಾಸಿನ್ಯಾಗ ತರಿ ತರಿ ಹತ್ತತೈತಿ. ಬ್ಲಾಕ್ ತಂದು ಕಿಸಣಿ ಮ್ಯಾಲೆ ತುರೀರಿ. ತುರಿಯೋ ಮುಂದ ಹತ್ತು ನಿಮಿಷ ಫ್ರೀಜರಿನ್ಯಾಗ ಇಟ್ರ ಕಿಸಣಿಗೆ ಮೆತ್ತೂದಿಲ್ಲ.

ಚೀಸ್ ಸ್ಪ್ರೆಡ್: ನೀರು ಜಾಸ್ತಿ. ಹಾಲಿನ್ಯಾಗ 50 ಮಿ.ಲೀ. ಕಡಿಮಿ ಮಾಡ್ಕೋರಿ.

ಮುಧೋಳ_ಬೆಲ್ಲ (ಬಾಗಲಕೋಟೆ)

ಪನೀರ್ ಯಾಕ ಬರದಿಲ್ಲ? ಹಳ್ಳ್ಯಾಗ ಅದೇ ಸಿಗೋದು.

ಇಂಡಿ_ಲಿಂಬಿ (ವಿಜಯಪುರ)

ಪನೀರ್ ಕರಗೂದಿಲ್ಲ, ಎಷ್ಟು ಹೊತ್ತು ಕಾಸಿದ್ರೂ. ಕುದಿಯೋ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು ಅದು. ಕರಗಬೇಕಾದ್ರ ಪ್ರೋಟೀನಿನ ಜಾಳಿಗಿಯೊಳಗ ಸುಣ್ಣದ ಅಂಶ ಹದವಾಗಿ ಉಳಿದಿರಬೇಕು, ಹುಳಿ ಅದನ್ನ ತೊಳೆದು ಹಾಕಿರ್ತದ. ರೆನೆಟ್ ಹಾಕಿ ಹೆಪ್ಪುಗೊಳಿಸಿದ ಚೀಸ್ ಮಾತ್ರ ಹರೀತದ. ಪನೀರ್ ಹಾಕೋದಿದ್ರ ಸಣ್ಣ ತುಂಡು ಮಾಡಿ, ಬೆಣ್ಣ್ಯಾಗ ಕೆಂಪಗ ಹುರಿದು, ತರಕಾರಿ ಹಾಕಿದಂಗ ಕಡೀಕ ಹಾಕ್ರಿ.

ಬಾದಾಮಿ_ಕೆಂಪುಕಲ್ಲು (ಬಾಗಲಕೋಟೆ)

ರೆನೆಟ್ ಅಂದ್ರ ಕರುವಿನ ಹೊಟ್ಟಿಯಿಂದ ತೆಗಿಯೋದಲ್ಲೇನ್ರಿ? ನಮ್ಮ ಮನ್ಯಾಗ ಶುದ್ಧ ಸಸ್ಯಾಹಾರ.

ನವನಗರ_ಓಟಿಜಿ (ಬಾಗಲಕೋಟೆ)

ಮೂಲದಲ್ಲಿ ಹೌದು. ಆದರೆ ಅಮುಲ್‌ನಂಥ ನಮ್ಮ ದೇಶದ ಚೀಸ್‌ಗಳಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸುತ್ತಾರೆ, ಪಾಕೀಟಿನ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅದನ್ನು ನೋಡಿ ತಗೊಳ್ಳಿ. ಎಚ್ಚರ ಬೇಕಾಗುವುದು ಹೊರದೇಶದ ಪಾರ್ಮೆಸಾನ್ ವಿಷಯದಲ್ಲಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊವನ್ನು ನಿಯಮದ ಪ್ರಕಾರ ಕರುವಿನ ರೆನೆಟ್‌ನಿಂದಲೇ ಮಾಡಬೇಕು, ಹಾಗಾಗಿ ಅದು ಸಸ್ಯಾಹಾರ ಅಲ್ಲ. ಜೈನ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಬೆಣ್ಣೆಯಲ್ಲಿ ಒಂದು ಚಿಟಿಕೆ ಇಂಗು ಹಾಕಿದರೆ ಆ ಖಾಲಿತನ ತುಂಬುತ್ತದೆ.

ಶಹಾಪುರ_ಮಗ್ಗ (ಬೆಳಗಾವಿ)

ಹಾಲಿನ ಬಗ್ಗೆ ಯಾರೂ ಮಾತಾಡವಲ್ರಿ. ಎಮ್ಮಿ ಹಾಲು ಹಾಕೋರು ಅಳತಿ ಬದಲಿ ಮಾಡ್ಕೋಬೇಕು. ನಂದಿನಿ ನೀಲಿ ಪಾಕೀಟಿನ ಹಾಲಿನ್ಯಾಗ ಕೊಬ್ಬು ನೂರಕ್ಕ 3. ಕೇರಿಯಾಗ ಹಿಂಡಿ ತರೋ ಎಮ್ಮಿ ಹಾಲಿನ್ಯಾಗ 6ರಿಂದ 7, ಪ್ರೋಟೀನೂ ಜಾಸ್ತಿ. ಬೆಣ್ಣಿ 30, ಮೈದಾ 30 ಹಂಗೇ ಇಟ್ಟು ಎಮ್ಮಿ ಹಾಲು 600 ಹಾಕಿದ್ರ ಸಾಸ್ ಖೋವಾದ ಹಾದಿ ಹಿಡೀತೈತಿ. ಮೈದಾ 22 ಗ್ರಾಂ, ಬೆಣ್ಣಿನೂ 22 ಗ್ರಾಂ ಮಾಡ್ರಿ. ಇಲ್ಲಾ 450 ಮಿ.ಲೀ. ಹಾಲಿಗೆ 150 ಮಿ.ಲೀ. ನೀರು ಕೂಡಿಸ್ರಿ.

ಬೆಣ್ಣಿ ವಿಚಾರಾನೂ ಹಂಗೇ. ಅಂಗಡಿ ಬೆಣ್ಣ್ಯಾಗ ಕೊಬ್ಬು ಸುಮಾರು ನೂರಕ್ಕ 80. ಮನಿಯಾಗ ಮೊಸರು ಕಡೆದು ತೆಗೆದ ಬೆಣ್ಣ್ಯಾಗ ನೀರು ಜಾಸ್ತಿ, ಮಜ್ಜಿಗಿ ಹುಳಿನೂ ಉಳಿದಿರ್ತೈತಿ. ಮೂರು ಸಲ ತಣ್ಣೀರಾಗ ತೊಳೆದು 35 ಗ್ರಾಂ ತಗೋರಿ. ತುಪ್ಪ ಹಾಕೋದಾದ್ರ 24 ಗ್ರಾಂ ಸಾಕು, ಆದ್ರ ಘಮ ಚೀಸನ್ನ ಮೀರ್ತೈತಿ. ನನಗಂತೂ ಸೇರೂದಿಲ್ಲ.

ಇನ್ನೊಂದು. ಇಂಗ್ಲಿಷ್ ರೆಸಿಪಿಯೊಳಗ ಇವಾಪರೇಟೆಡ್ ಮಿಲ್ಕ್ ಅಂತಿದ್ರ ಮಿಲ್ಕ್‌ಮೇಡ್ ಡಬ್ಬಿ ತರಬ್ಯಾಡ್ರಿ. ಅದು ಕಂಡೆನ್ಸ್ಡ್ ಮಿಲ್ಕ್, ಸಕ್ರಿ ಹಾಕಿದ್ದು. ಬೇಕಂದ್ರ ಒಂದು ಲೀಟರ್ ಹಾಲು ತಳ ಹತ್ತದಂಗ ತಿರುವಿ ಅರ್ಧಾ ಲೀಟರಿಗೆ ಇಳಿಸ್ಕೋರಿ.

ತಾಳಿಕೋಟಿ_ಹುಡುಗ (ವಿಜಯಪುರ)

ಮ್ಯಾಕರೋನಿ ಕುದಿಸಿದ್ರ ಮ್ಯಾಲೆ ಲೋಳಿ ಲೋಳಿ ಆಗ್ತದ, ಒಳಗ ಗಟ್ಟಿ ಉಳೀತದ. ನೀರೂ ಗಂಜಿಯಂಗ ಆಗ್ತದ.

ಇಂಡಿ_ಲಿಂಬಿ (ವಿಜಯಪುರ)

ಬೋರಿನ ನೀರೇನು? ಹಂಡೆದಾಗ ಬಿಳೀ ಪೊರಿ ಕಟ್ಟೋ ಗಡಸು ನೀರು ಕಾಸಿದಷ್ಟೂ ಕ್ಷಾರ ಆಗ್ತದ. ಕ್ಷಾರದ ನೀರಾಗ ಮ್ಯಾಕರೋನಿಯ ಮೈಯಿಂದ ಪಿಷ್ಟ ಜಾಸ್ತಿ ಬಿಡ್ತದ, ಅದೇ ಲೋಳಿ. ಎರಡೂವರಿ ಲೀಟರ್ ನೀರಿಗೆ ಲಿಂಬಿ ರಸ ಒಂದು ಸಣ್ಣ ಚಮಚಾ ಹಾಕ್ರಿ, ಸರಿಹೋಗ್ತದ. ಇಷ್ಟರಾಗ ಹುಳಿ ರುಚಿ ಬರೂದಿಲ್ಲ. ಫಿಲ್ಟರ್ ನೀರಿದ್ರ ಇದರ ಗೊಡವಿ ಇಲ್ಲ.

250 ಗ್ರಾಮಿಗೆ ಎರಡೂವರಿ ಲೀಟರ್ ನೀರು, ಉಪ್ಪು 20ರಿಂದ 25 ಗ್ರಾಂ. ನೀರು ಕುಣಿಯೋ ಹಂಗ ಕುದೀಲಿ, ಆಮ್ಯಾಲೆ ಹಾಕ್ರಿ. ಮೊದಲ ಎರಡು ನಿಮಿಷ ಬಿಡದೇ ತಿರುವ್ರಿ, ಅಂಟೋದು ಆವಾಗ್ಲೇ. ನೀರಿಗೆ ಎಣ್ಣಿ ಹಾಕೋದು ಬ್ಯಾಡ. ಮೈಗೆ ಎಣ್ಣಿ ಹತ್ತಿದ್ರ ಸಾಸ್ ಜಾರ್ತದ.

ಶಹಾಪುರ_ಮಗ್ಗ (ಬೆಳಗಾವಿ)

ಪಾಕೀಟಿನ ಮ್ಯಾಲೆ ಬರೆದ ಹೊತ್ತು ನಮ್ಮೂರಿಗೆ ಪೂರ್ತಿ ಹೊಂದೂದಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ನೀರು ಕುದಿಯೋದು 97-98 ಡಿಗ್ರಿಗೆ. ಅರ್ಧ ಒಂದು ನಿಮಿಷ ಜಾಸ್ತಿ ಬೇಕಾಗ್ತೈತಿ. ಗಡಿಯಾರಕ್ಕಿಂತ ಒಂದು ಕಾಳು ತೆಗೆದು ಕತ್ತರಿಸಿ ನೋಡೋದು ಚಲೋ. ನಡುವ ಕೂದಲೆಳಿಯಷ್ಟು ಬಿಳೀ ಗೆರಿ ಕಂಡ್ರ ಇಳಿಸ್ರಿ, ಉಳಿದದ್ದು ಸಾಸಿನ್ಯಾಗ ಬೇಯ್ತೈತಿ.

ಚಾಳಣಿಗೆ ಬಸಿಯೋ ಮುಂಚೆ ಒಂದು ಲೋಟ ನೀರು ತೆಗೆದಿಡ್ರಿ. ಸಾಸ್ ಗಟ್ಟಿಯಾದ್ರ ಹಾಲಿನ ಬದಲಿ ಇದೇ ನೀರು. ತಣ್ಣೀರಾಗ ತೊಳೀಬ್ಯಾಡ್ರಿ, ಸಾಸ್ ಹಿಡಿಯೋ ಪಿಷ್ಟ ಎಲ್ಲಾ ಹೋಗ್ತೈತಿ.

ಮುಧೋಳ_ಬೆಲ್ಲ (ಬಾಗಲಕೋಟೆ)

ಅಂಗಡ್ಯಾಗ ಬಿಡಿ ತೂಗಿ ಕೊಡೋ ಮ್ಯಾಕರೋನಿ ನೋಡಿ ತಗೋರಿ. ಮೈದಾದ್ದಾದ್ರ ಬೆಳ್ಳಗ ಇರ್ತೈತಿ, ನಾಲ್ಕೈದು ನಿಮಿಷಕ್ಕ ಒಡದು ಹೋಗ್ತೈತಿ. ಡ್ಯೂರಮ್ ಗೋಧಿ ರವಾದ್ದು ಸ್ವಲ್ಪ ಹಳದಿ, ಬೆಳಕಿಗೆ ಹಿಡಿದ್ರ ಅಂಬರ್ ಬಣ್ಣ, ಮುರಿದ್ರ ಟಕ್ ಅಂತೈತಿ. ನಮ್ಮ ಬನ್ಸಿ ರವಾ ಇದೇ ಜಾತಿ ಗೋಧೀದು. ಪಾಕೀಟಿನ ಹಿಂದ ಡ್ಯೂರಮ್ ಅಂತ ಇದ್ರ ಕಣ್ಣು ಮುಚ್ಚಿ ತಗೋರಿ.

ಗೋಕಾಕ_ಕರದಂಟು (ಬೆಳಗಾವಿ)

ಬರೇ ಚೆಡ್ಡಾರ್ ಹಾಕಿ, ಮೈದಾ ಇಲ್ಲದೇ, ಪ್ರೊಸೆಸ್ಡ್ ಚೀಸಿನಷ್ಟು ನುಣ್ಣಗ ಮಾಡಾಕ ಬರ್ತೈತೇನ್ರಿ? ಮೈದಾ ಸಾಸ್ ತಿಂದ್ರ ಮೊದಲು ಹಿಟ್ಟು ಹತ್ತತೈತಿ, ಆಮ್ಯಾಲೆ ಚೀಸ್.

ಇಂಡಿ_ಲಿಂಬಿ (ವಿಜಯಪುರ)

ಬರ್ತದ. ಸೋಡಿಯಂ ಸಿಟ್ರೇಟ್ ಬೇಕು. ಚೀಸಿನ ತೂಕದ ನೂರಕ್ಕ 4 ಭಾಗ. ಅಂದ್ರ 200 ಗ್ರಾಂ ಚೆಡ್ಡಾರಿಗೆ 8 ಗ್ರಾಂ, ಹಾಲು ಅಥವಾ ನೀರು 200 ಮಿ.ಲೀ. ಸಿಟ್ರೇಟ್ ಮೊದಲು ಹಾಲಿನ್ಯಾಗ ಕರಗಬೇಕು, ಆಮ್ಯಾಲೆ ಸಣ್ಣ ಉರಿಯಾಗ ಚೀಸ್ ಸ್ವಲ್ಪ ಸ್ವಲ್ಪ ಹಾಕಿ ಕಡೀಬೇಕು. ಪ್ರೋಟೀನಿಗೆ ಅಂಟಿದ ಸುಣ್ಣದ ಅಂಶವನ್ನ ಸಿಟ್ರೇಟ್ ಹಿಡಕೋತದ, ಜಾಳಿಗಿ ಸಡಿಲ ಆಗ್ತದ, ಪ್ರೋಟೀನು ಕೊಬ್ಬನ್ನ ಸುತ್ಕೊಂಡು ನಿಲ್ತದ. ಇದು ಕುದ್ರೂ ಅಷ್ಟು ಸುಲಭಕ್ಕ ಒಡಿಯೂದಿಲ್ಲ.

ಆನ್‌ಲೈನ್ ತರಿಸೋದು ಬ್ಯಾಡಂದ್ರ ಮನಿಯಾಗೇ ಮಾಡಬಹುದು. ತಿನ್ನೋ ದರ್ಜೆಯ ಲಿಂಬು ಸತ್ವ, ಅಂದ್ರ ಸಿಟ್ರಿಕ್ ಆಸಿಡ್, 6 ಗ್ರಾಂ. ತಿನ್ನೋ ಸೋಡಾ 7ರಿಂದ 8 ಗ್ರಾಂ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಸತ್ವವನ್ನ 50 ಮಿ.ಲೀ. ಬಿಸಿ ನೀರಾಗ ಕರಗಿಸ್ರಿ, ಎತ್ತರದ ಪಾತ್ರಿ ಇರ್ಲಿ, ಬುರುಗು ಏರ್ತದ. ಸೋಡಾ ಚಿಟಿಕಿ ಚಿಟಿಕಿ ಹಾಕ್ತಾ ಹೋಗ್ರಿ. 7 ಗ್ರಾಂ ಆದ ಮ್ಯಾಲೆ ಕೈ ಬಿಗಿ ಹಿಡೀರಿ. ಹಾಕಿದ ಚಿಟಿಕಿಗೆ ಬುರುಗು ಬರಲಿಲ್ಲಂದ್ರ ನಿಲ್ಲಿಸ್ರಿ. ಸೋಡಾ ಜಾಸ್ತಿ ಆದ್ರ ಸಾಬಾನಿನ ರುಚಿ ಬರ್ತದ. ಒಂದು ಕುದಿ ಬರಿಸಿದ್ರ ಗ್ಯಾಸ್ ಎಲ್ಲಾ ಹೋಗಿ ಸುಮಾರು 8 ಗ್ರಾಂ ಸಿಟ್ರೇಟ್ ಇರೋ ನೀರು ಉಳೀತದ. ಅದನ್ನ ಹಂಗೇ 150 ಮಿ.ಲೀ. ಹಾಲಿಗೆ ಹಾಕ್ರಿ. ಇದರಾಗೂ ಉಪ್ಪಿನ ರುಚಿ ಅದ, ಅದಕ್ಕ ಬ್ಯಾರೆ ಉಪ್ಪು ಕಡೀಗೂ ಬ್ಯಾಡ ಅನ್ನಿಸಬಹುದು.

ತೂಕದ ಕಾಟಾ 1 ಗ್ರಾಂ ತೋರಸೋದು ಬೇಕು. ಚಮಚಾದ ಅಳತಿ ಇಲ್ಲಿ ನಂಬಬ್ಯಾಡ್ರಿ.

ಬಾದಾಮಿ_ಕೆಂಪುಕಲ್ಲು (ಬಾಗಲಕೋಟೆ)

ಸತ್ವದ ಬದಲಿ ಲಿಂಬಿ ಹಣ್ಣಿನ ರಸಾನೇ ಹಾಕಿದ್ರ? ನಿಮ್ಮ ಇಂಡಿಯೊಳಗ ಲಿಂಬಿಗೇನ್ ಬರಾ.

ಇಂಡಿ_ಲಿಂಬಿ (ವಿಜಯಪುರ)

ಬರಾ ಇಲ್ಲ, ಆದ್ರ ಲೆಕ್ಕ ಹೊಂದೂದಿಲ್ಲ ಅಕ್ಕಾರ. ರಸದಾಗ ಹುಳಿ ನೂರಕ್ಕ 5ರಿಂದ 7 ಭಾಗ ಅಷ್ಟೇ. 6 ಗ್ರಾಂ ಬೇಕಂದ್ರ ಸುಮಾರು 100 ಮಿ.ಲೀ. ರಸ ಹಿಂಡಬೇಕು. ಸೋಡಾ ಹುಳಿ ತೆಗೀತದ, ಲಿಂಬಿ ಘಮ ಹಂಗೇ ಉಳೀತದ. ಲಿಂಬಿ ಹಣ್ಣನ್ನ ಉಪ್ಪಿನಕಾಯಿಗೆ ಬಿಡ್ರಿ.

ಟಿಳಕವಾಡಿ_ಅಡಿಗಿಮನಿ (ಬೆಳಗಾವಿ)

ಇಷ್ಟೆಲ್ಲಾ ದಿನಾ ಸಂಜಿ ಯಾರು ಮಾಡ್ತಾರ್ರಿ? ಮಕ್ಕಳು ಸಾಲಿಯಿಂದ ಬಂದಾಗ ಮಾಡೋದಕ್ಕ ಮೈದಾ ಸಾಸೇ ಸಾಕು. ಹಿಟ್ಟಿನ ರುಚಿ ಹತ್ತಿದ್ರ ಅದು ಮೈದಾ ತಪ್ಪಲ್ಲ, ಹಾಲು ಹಾಕಿದ ಮ್ಯಾಲೆ ಐದಾರು ನಿಮಿಷ ಕುದಿಸದೇ ಇದ್ದದ್ದು. ಮೈದಾ ಬ್ಯಾಡ ಅನ್ನೋರು ಕಾರ್ನ್‌ಫ್ಲೋರ್ 15 ಗ್ರಾಂ ತಣ್ಣಗಿನ ಹಾಲಿನ್ಯಾಗ ಕಲಸಿ, ಕುದಿಯೋ ಹಾಲಿಗೆ ಹೊಯ್ದು ಒಂದೆರಡು ನಿಮಿಷ ತಿರುವ್ರಿ. ಗಟ್ಟಿ ಮಾಡೋ ಶಕ್ತಿ ಮೈದಾಕ್ಕಿಂತ ಎರಡು ಪಟ್ಟು, ರುಚಿ ಏನೂ ಇಲ್ಲ.

ಜ್ವಾಳದ ಹಿಟ್ಟೂ ನಡೀತೈತಿ. ವಸ್ತ್ರದಾಗ ಸೋಸಿದ ನುಣುಪಿನ ಹಿಟ್ಟು 30 ಗ್ರಾಂ, ಬೆಣ್ಣ್ಯಾಗ ಮೂರು ನಿಮಿಷ ಹುರಿದು, ಹಾಲು ಹಾಕಿದ ಮ್ಯಾಲೆ ಹತ್ತು ನಿಮಿಷ. ಮೈದಾದಷ್ಟು ನುಣ್ಣಗಾಗೂದಿಲ್ಲ, ಆದ್ರ ಜ್ವಾಳದ ಆ ಹುರಿದ ಘಮ ಚೀಸಿನ ಜೋಡಿ ಭಾಳ ಛಂದ ಕೂಡ್ತೈತಿ. ಗ್ಲುಟೆನ್ ಬಿಟ್ಟೋರು ಇದನ್ನ ಮಾಡೋದಾದ್ರ ಮ್ಯಾಕರೋನಿನೂ ಗೋಧೀದು ಇರಬಾರದು ಅನ್ನೋದು ನೆನಪಿರಲಿ.

ಮುಧೋಳ_ಬೆಲ್ಲ (ಬಾಗಲಕೋಟೆ)

ಈಗ ಖಾರಕ್ಕ ಬರ್ರಿ. ಬಿಳೀ ಸಾಸ್ ತಿಂದು ನಮ್ಮ ಮಂದಿಗೆ ಸಮಾಧಾನ ಆಗೂದಿಲ್ಲ.

ಬ್ಯಾಡಗಿ ಖಾರದ ಪುಡಿ: ಒಂದು ಸಣ್ಣ ಚಮಚಾ. ಬೆಣ್ಣಿ ಕರಗಿದ ಮ್ಯಾಲೆ, ಮೈದಾಕ್ಕಿಂತ ಮೊದಲು ಹಾಕಿ ಹತ್ತು ಎಣಿಸೋದ್ರಾಗ ಮೈದಾ ಹಾಕಿಬಿಡ್ರಿ. ಮೆಣಸಿನಕಾಯಿ ಬಣ್ಣ ಕೊಬ್ಬಿನ್ಯಾಗ ಕರಗೋದು, ಹಾಲಿಗೆ ಹಾಕಿದ್ರ ಪುಡಿ ಪುಡಿಯಾಗಿ ತೇಲ್ತೈತಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ, ಸಾಸ್ ಚಲೋ ಕೇಸರಿ ಆಗ್ತೈತಿ.

ರಂಜಕ (ಕೆಂಪು ಮೆಣಸಿನಕಾಯಿ ಅರೆದ ಚಟ್ನಿ): ಇದು ಬೆಂಕಿ ಮ್ಯಾಲೆ ಬ್ಯಾಡ. ಅದರಾಗ ಲಿಂಬಿ ಹುಳಿ ಐತಿ, ಹಾಲಿನ ಸಾಸ್ ಕುದಿಯೋ ಮುಂದ ಬಿದ್ರ ಒಡಿಯೋದು ಗ್ಯಾರಂಟಿ. ಮ್ಯಾಕರೋನಿ ಸಾಸ್ ಕೂಡಿಸಿ ತಾಟಿಗೆ ಹಾಕೋ ಹೊತ್ತಿಗೆ ಒಂದು ದೊಡ್ಡ ಚಮಚಾ ಮ್ಯಾಲಿಂದ ಮ್ಯಾಲೆ ತಿರುವ್ರಿ.

ಉಳ್ಳಾಗಡ್ಡಿ, ಡಬ್ಬು ಮೆಣಸಿನಕಾಯಿ: ಹಸಿದು ಸಾಸಿನ್ಯಾಗ ಹಾಕಿದ್ರ ನೀರು ಬಿಟ್ಟು ಸಾಸ್ ತೆಳ್ಳಗಾಗ್ತೈತಿ. ಬ್ಯಾರೆ ಕಡಾಯಿಯೊಳಗ ಜೋರು ಉರಿಯಾಗ ನೀರು ಆರೋ ತನಕ ಹುರಿದು ಕಡೀಕ ಕೂಡಿಸ್ರಿ. ಹಸಿ ಗೋವಿನಜೋಳದ ಕಾಳು 100 ಗ್ರಾಂ ಬೇಯಿಸಿ ಹಾಕಿದ್ರ ಸಿಹಿ ಬರ್ತೈತಿ. ಪಾಲಕ್ ಹಾಕೋರು ಬಿಸಿ ನೀರಾಗ ಅದ್ದಿ, ಕೈಯಿಂದ ಹಿಂಡಿ ಹಿಂಡಿ, ಆಮ್ಯಾಲೆ ಹೆಚ್ಚಿ ಹಾಕ್ರಿ. ಟೊಮೆಟೊ ಬ್ಯಾಡವೇ ಬ್ಯಾಡ. ಬೇಕೇಬೇಕಂದ್ರ ಬಾಜೂಕ ಚಟ್ನಿ ಮಾಡಿ ಇಟ್ಕೋರಿ.

ತಾಳಿಕೋಟಿ_ಹುಡುಗ (ವಿಜಯಪುರ)

ಗುರೆಳ್ಳು ಚಟ್ನಿ ಪುಡಿ ಮ್ಯಾಲೆ ಉದುರಿಸಿದ್ರ ಹೆಂಗ?

ಮುಧೋಳ_ಬೆಲ್ಲ (ಬಾಗಲಕೋಟೆ)

ಉದುರಿಸ್ರಿ. ಒಳಗ ಕಲಸಿದ್ರ ಸಾಸ್ ಬೂದಿ ಬಣ್ಣಕ್ಕ ತಿರುಗ್ತೈತಿ. ಶೇಂಗಾ ಚಟ್ನಿ ಪುಡಿ ಆದ್ರ ಕಲಸಿದ್ರೂ ನಡೀತೈತಿ, ಎರಡು ದೊಡ್ಡ ಚಮಚಾ. ಅದು ಸಾಸ್ ಗಟ್ಟಿ ಮಾಡ್ತೈತಿ, ಬಸಿದಿಟ್ಟ ನೀರು ಒಂದೀಟು ಕೂಡಿಸ್ರಿ.

ನವನಗರ_ಓಟಿಜಿ (ಬಾಗಲಕೋಟೆ)

ಬೇಕ್ ಮಾಡುವವರಿಗೆ ಅಳತೆ ಬೇರೆ. ಒಲೆಯ ಮೇಲೆ ಸರಿಯಾಗಿದ್ದ ಸಾಸ್ ಓವನ್‌ನಲ್ಲಿ ಒಣಗುತ್ತದೆ, ಏಕೆಂದರೆ ಮ್ಯಾಕರೋನಿ ಹೀರುತ್ತಲೇ ಇರುತ್ತದೆ. ಹಾಲು 600ರ ಬದಲು 750 ಮಿ.ಲೀ., ಮ್ಯಾಕರೋನಿ ಪಾಕೀಟು ಹೇಳುವುದಕ್ಕಿಂತ ಮೂರು ನಿಮಿಷ ಕಡಿಮೆ ಬೇಯಿಸಿ. ಕಲಸಿದಾಗ ಇದು ತೀರಾ ತೆಳು ಅನ್ನಿಸಬೇಕು.

ಎಂಟು ಇಂಚಿನ ಚೌಕ ಟಿನ್ ಅಥವಾ ಸುಮಾರು ಎರಡು ಲೀಟರ್ ಹಿಡಿಯುವ ಪಾತ್ರೆ. ಓಟಿಜಿ (ಕರೆಂಟಿನ ಸಣ್ಣ ಓವನ್) 200 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, ಮೇಲೆ ಕೆಳಗೆ ಎರಡೂ ರಾಡ್, 15 ನಿಮಿಷ. ಕೊನೆಯ ಮೂರು ನಿಮಿಷ ಮೇಲಿನ ರಾಡ್ ಮಾತ್ರ, ಮುಂದೆಯೇ ನಿಂತು ನೋಡುತ್ತಿರಿ. ಇಪ್ಪತ್ತು ನಿಮಿಷ ದಾಟಿಸಿದರೆ ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾಗುತ್ತದೆ. ಹೊರತೆಗೆದು ಹತ್ತು ನಿಮಿಷ ಬಿಟ್ಟು ಬಡಿಸಿ, ಆಗ ಸಾಸ್ ಕೂಡಿಕೊಳ್ಳುತ್ತದೆ.

ಮೇಲಿನ ಗರಿಗರಿಗೆ ಬೇಕರಿಯ ಟೋಸ್ಟ್ ಪುಡಿ ಮಾಡಬೇಡಿ, ಅದು ಸಿಹಿ, ಏಲಕ್ಕಿಯೂ ಇರುತ್ತದೆ. ಹಿಂದಿನ ದಿನದ ಪಾವ್ ಎರಡು ತಗೊಂಡು ಕೈಯಲ್ಲಿ ಒರಟಾಗಿ ಪುಡಿ ಮಾಡಿ (50 ಗ್ರಾಂ ಆಗುತ್ತದೆ), ಕರಗಿಸಿದ ಬೆಣ್ಣೆ 15 ಗ್ರಾಂ ಕಲಸಿ ಹರಡಿ. ಖಾರಿ ಬಿಸ್ಕತ್ತು ಪುಡಿಯೂ ಚೆನ್ನ, ಅದರಲ್ಲೇ ಕೊಬ್ಬು ಇರುವುದರಿಂದ ಬೆಣ್ಣೆ ಬೇಡ. ಶೇಂಗಾ ಚಟ್ನಿ ಪುಡಿ ಉದುರಿಸುವುದಾದರೆ ಕೊನೆಯ ಐದು ನಿಮಿಷಕ್ಕೆ, ಮೊದಲೇ ಹಾಕಿದರೆ ಬೆಳ್ಳುಳ್ಳಿ ಸುಟ್ಟು ಕಹಿಯಾಗುತ್ತದೆ.

ಬಾದಾಮಿ_ಕೆಂಪುಕಲ್ಲು (ಬಾಗಲಕೋಟೆ)

ಓಟಿಜಿ ಇಲ್ಲದೋರು?

ನವನಗರ_ಓಟಿಜಿ (ಬಾಗಲಕೋಟೆ)

ದಪ್ಪ ಕಡಾಯಿಯಲ್ಲಿ ಸ್ಟ್ಯಾಂಡ್ ಇಟ್ಟು ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅಲ್ಯೂಮಿನಿಯಂ ಟಿನ್ ಇಡಿ, ಮಧ್ಯಮ ಉರಿಯಲ್ಲಿ 15 ನಿಮಿಷ. ಗಾಜಿನ ಪಾತ್ರೆ ಬೇಡ, ತಳದಿಂದ ನೇರ ಬಿಸಿ ತಾಗಿ ಸೀಳಬಹುದು. ಮೇಲಿನಿಂದ ಕಾವು ಬೀಳದ ಕಾರಣ ಕೆಂಪಾಗುವುದಿಲ್ಲ, ಮುಚ್ಚಳದ ಹಬೆ ನೀರಾಗಿ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ತುದಿಗಳನ್ನು ಮೇಲಕ್ಕೆ ಎತ್ತಿ ಗಂಟು ಹಾಕಿ, ಬೆಂಕಿಗೆ ತಾಗಬಾರದು. ಪಾವ್ ಪುಡಿಯನ್ನು ತವೆಯ ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಬಡಿಸುವಾಗ ಮೇಲೆ ಹಾಕಿ. ಕನ್ವೆಕ್ಷನ್ ಇಲ್ಲದ ಮೈಕ್ರೋವೇವ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ಬರೀ ರಬ್ಬರ್ ಆಗುತ್ತದೆ.

ಖಾನಾಪುರ_ಮಳಿ (ಬೆಳಗಾವಿ)

ಕುಕ್ಕರಿನ್ಯಾಗ ಒಂದೇ ಸಲಕ್ಕ ಆಗೂದಿಲ್ಲೇನ್ರಿ? ಹಾಸ್ಟೆಲಿನ್ಯಾಗ ಇರೋದು ಒಂದು ಕುಕ್ಕರ್, ಒಂದು ಇಂಡಕ್ಷನ್ ಒಲಿ.

ಟಿಳಕವಾಡಿ_ಅಡಿಗಿಮನಿ (ಬೆಳಗಾವಿ)

ಆಗ್ತೈತಿ ತಮ್ಮಾ. ಡ್ಯೂರಮ್ ಮ್ಯಾಕರೋನಿ 250 ಗ್ರಾಂ, ನೀರು 600 ಮಿ.ಲೀ., ಬೆಣ್ಣಿ ಒಂದು ದೊಡ್ಡ ಚಮಚಾ, ಉಪ್ಪು ಅರ್ಧ ಸಣ್ಣ ಚಮಚಾ. ಐದು ಲೀಟರ್ ಕುಕ್ಕರ್ ಆದ್ರ ಚಲೋ. ಅರ್ಧಕ್ಕಿಂತ ಮ್ಯಾಲೆ ತುಂಬಬಾರದು, ಪಿಷ್ಟದ ಬುರುಗು ಸೀಟಿ ಕಟ್ಟಿಸ್ತೈತಿ. ಬೆಣ್ಣಿ ಹಾಕೋದು ಆ ಬುರುಗು ಇಳಿಸಾಕ. ಮಧ್ಯಮ ಉರಿ, ಒಂದೇ ಸೀಟಿ, ಬಂದ್ ಮಾಡಿ ಐದು ನಿಮಿಷ ಬಿಡು. ಆಮ್ಯಾಲೆ ಉಳಿದ ಒತ್ತಡ ಸೀಟಿ ಎತ್ತಿ ತೆಗಿ, ಅದು ಪೂರ್ತಿ ಹೋದ ಮ್ಯಾಲೇನೇ ಮುಚ್ಚಳಕ್ಕ ಕೈ ಹಚ್ಚು.

ಒಳಗ ಸ್ವಲ್ಪ ನೀರು ಉಳಿದಿರ್ತೈತಿ, ಬಸೀಬ್ಯಾಡ, ಅದೇ ಗಂಜಿ ಸಾಸಿಗೆ ಆಧಾರ. ಬಿಸಿ ಹಾಲು 150 ಮಿ.ಲೀ., ಪ್ರೊಸೆಸ್ಡ್ ಚೀಸ್ 150 ಗ್ರಾಂ (ಆರು ಕ್ಯೂಬ್) ತುರಿದು, ಒಲಿ ಆಫ್ ಇದ್ದಾಗಲೇ ತಿರುವು. ಕಾವು ಸಾಲಲಿಲ್ಲಂದ್ರ ಇಂಡಕ್ಷನ್ ಎಲ್ಲಾಕ್ಕಿಂತ ಕೆಳಗಿನ ನಂಬರಿಗೆ ಒಂದು ನಿಮಿಷ. ಮೈದಾದ ಮ್ಯಾಕರೋನಿಗೆ ಇದು ನಡಿಯೂದಿಲ್ಲ, ಕುಕ್ಕರಿನ್ಯಾಗ ಗಂಜಿ ಆಗ್ತೈತಿ.

ಬಾದಾಮಿ_ಕೆಂಪುಕಲ್ಲು (ಬಾಗಲಕೋಟೆ)

ಡಬ್ಬಿಗೆ ಕಟ್ಟಿಕೊಟ್ರ ಮಧ್ಯಾಹ್ನ ಕಲ್ಲಾಗಿರ್ತೈತಿ. ಏನು ಮಾಡೋದು?

ಶಹಾಪುರ_ಮಗ್ಗ (ಬೆಳಗಾವಿ)

ಮೂರು ಕಾರಣ. ಮ್ಯಾಕರೋನಿ ನೀರು ಹೀರ್ತೈತಿ, ಚೀಸ್ ಆರಿ ಬಿಗೀತೈತಿ, ಪಿಷ್ಟ ತಣ್ಣಗಾದ್ರ ಗಟ್ಟಿ ಆಗ್ತೈತಿ. ಡಬ್ಬಿಗೆ ಕಟ್ಟೋದಾದ್ರ ಮೊಝರೆಲ್ಲಾ ಬಿಟ್ಟು ಪೂರ್ತಿ ಪ್ರೊಸೆಸ್ಡ್ ಹಾಕ್ರಿ, ಅದು ತಣ್ಣಗಾದ್ರೂ ಮೆತ್ತಗ ಇರ್ತೈತಿ. ಹಾಲು 100 ಮಿ.ಲೀ. ಜಾಸ್ತಿ, ಮೈದಾ 20 ಗ್ರಾಮಿಗೆ ಇಳಿಸ್ರಿ. ಸಾರಿನಂಗ ಕಂಡ್ರೂ ಹೆದರಬ್ಯಾಡ್ರಿ, ಡಬ್ಬಿ ತೆಗಿಯೋ ಹೊತ್ತಿಗೆ ಹದಕ್ಕ ಬಂದಿರ್ತೈತಿ.

ಉಳಿದದ್ದು ಎರಡು ತಾಸಿನೊಳಗ ಫ್ರಿಜ್ಜಿಗೆ, ಬ್ಯಾಸಿಗಿಯಾಗ ಇನ್ನೂ ಬೇಗ. ಎರಡು ದಿನದಾಗ ಮುಗಿಸ್ರಿ. ಬಿಸಿ ಮಾಡೋವಾಗ ಒಂದು ಬಟ್ಟಲಿಗೆ ಹಾಲು ಎರಡು ದೊಡ್ಡ ಚಮಚಾ ಹಾಕಿ, ಮುಚ್ಚಿ, ಅತೀ ಸಣ್ಣ ಉರಿಯಾಗ, ನಡು ನಡುವ ತಿರುವಿ. ಜೋರು ಉರಿಯಾಗ ಬಿಸಿ ಮಾಡಿದ್ರ ತಾಟಿನ ತಳಕ್ಕ ಎಣ್ಣಿ ನಿಲ್ತೈತಿ.

ಗೋಕಾಕ_ಕರದಂಟು (ಬೆಳಗಾವಿ)

ಸಿಟ್ರೇಟ್ ಸಾಸ್ ಡಬ್ಬಿಗೆ ಹೆಂಗ್ರಿ ಇಂಡಿ ಅಣ್ಣಾರ? ಅದೂ ಬಿಗೀತೈತೇನು?

ಇಂಡಿ_ಲಿಂಬಿ (ವಿಜಯಪುರ)

ಬಿಗೀತದ, ಚೆಡ್ಡಾರಿಗೆ ದ್ರವ ಎಷ್ಟು ಹಾಕೀರಿ ಅನ್ನೋದರ ಮ್ಯಾಲೆ. 200 ಗ್ರಾಮಿಗೆ 200 ಮಿ.ಲೀ. ಅಂದ್ರ ತಣ್ಣಗಾದಾಗ ಚೀಸ್ ಸ್ಲೈಸಿನಂಗ ಕೂಡ್ತದ. ಡಬ್ಬಿಗಾದ್ರ 300 ಮಿ.ಲೀ. ಮಾಡ್ರಿ, ಸಿಟ್ರೇಟ್ 8 ಗ್ರಾಮೇ ಇರ್ಲಿ, ಅದರ ಲೆಕ್ಕ ಚೀಸಿಗೆ, ಹಾಲಿಗಲ್ಲ. ಬರೇ ಸಾಸ್ ಮಾಡಿ ಬಾಟಲಿಯೊಳಗ ಹಾಕಿ ಫ್ರಿಜ್ಜಿನ್ಯಾಗ ಇಟ್ಕೊಂಡು, ಮುಂಜಾನೆ ಮ್ಯಾಕರೋನಿ ಕುದಿಸಿ ಬಿಸಿ ಇದ್ದಾಗ ಕಲಸೋದು ಇನ್ನೂ ಚಲೋ. ಮೈದಾ ಸಾಸ್ ಹಂಗ ಇಟ್ರ ಮ್ಯಾಲೆ ಕೆನಿ ಕಟ್ತದ, ಇದಕ್ಕ ಆ ಕಾಟ ಇಲ್ಲ.